ಮಿಷನ್ ಬಂಗಲೆಯ ಹಿರಿಯ ದಂಪತಿ: ಅವರ ದಿನಚರಿ, ಅವರ ಸೇವೆ

ಪ್ರಶ್ನೆ: ನಾನು ಗದಗ-ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ಕನ್ನಡಕ್ಕೆ ಮಾಡಿದ ಕೆಲಸದ ಬಗ್ಗೆ, ಅದರಲ್ಲೂ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟೆಲ್ ಮತ್ತು ಮೊದಲ ಕನ್ನಡ ಪತ್ರಿಕೆಯ ಮೊಗ್ಲಿಂಗ್ ಅವರ ಬಗ್ಗೆ ಸಾಕಷ್ಟು ಓದಿದ್ದೇನೆ. ಆದರೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಹುಕಾಲ ನೆಲೆಸಿದ ಹಿರಿಯ ಮಿಷನರಿ ದಂಪತಿಗಳ ದಿನಗಳು ಹೇಗೆ ಸಾಗುತ್ತಿದ್ದವು ಎಂಬುದು ಎಲ್ಲಿಯೂ ಸಿಗಲಿಲ್ಲ. ಅವರಿಗೆ ಸಂಬಳವಿತ್ತೆ? ಬಂಗಲೆಯಲ್ಲಿ ಅಷ್ಟೊಂದು ಆಳುಗಳೇಕೆ? ಹೆಂಡತಿಯರು ಏನು ಮಾಡುತ್ತಿದ್ದರು? ಹಳೆಯ ಫೋಟೋಗಳಲ್ಲಿ ಕೂಸುಗಳು ಕಾಣುತ್ತವೆ, ದೊಡ್ಡ ಮಕ್ಕಳು ಕಾಣುವುದಿಲ್ಲ, ಕಾರಣವೇನು?

ಉತ್ತರ: ತಾವು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುವ ಮೊದಲು, ಅವುಗಳನ್ನೆಲ್ಲ ಹೆಣೆಯುವ ಒಂದು ಮಾತನ್ನು ಹೇಳಬೇಕು. ನಮ್ಮ ಭಾಗದ ಮಿಷನ್ ಕೇಂದ್ರಗಳ ಕೆಲಸ ಜೋಡೆತ್ತಿನ ಬಂಡಿಯಾಗಿತ್ತು. ದಾಖಲೆಯಲ್ಲಿ ಮಾತ್ರ ಒಂದೇ ಎತ್ತಿನ ಹೆಸರು ಉಳಿದಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಮತ್ತು ಅವೆರಡೂ ನ್ಯಾಯವಾದವೇ. ಆದರೆ ಅವರ ಮೊದಲ ಹೆಂಡತಿ ಪೌಲೀನ್ ಈ ನಾಡಿನಲ್ಲಿ ಬಾಳಿದವರೆಂಬುದಾಗಲಿ, ಆಕೆ ತೀರಿಕೊಂಡ ಮೇಲೆ ಆಕೆಯ ಸಹೋದರಿ ಯೂಲಿಯೇ ಆ ಮನೆಗೆ ಬಂದರೆಂಬುದಾಗಲಿ ಕಿಟೆಲ್ ಕೋಶವನ್ನು ಪ್ರತಿದಿನ ತೆರೆಯುವ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಈ ಮರೆವು ಕೇವಲ ನಮ್ಮದಲ್ಲ. ಆ ಸಂಸ್ಥೆಯ ಕಟ್ಟಳೆಗಳಲ್ಲಿಯೇ ಅದರ ಬೇರಿದೆ.

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿತು. ಅದರ ಆಡಳಿತ ಸಮಿತಿಯಲ್ಲಿ ಆ ಪಟ್ಟಣದ ಪ್ರತಿಷ್ಠಿತ ಮನೆತನಗಳವರಿದ್ದರು. ದೂರದೇಶಕ್ಕೆ ಹೊರಟವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕಸುಬುದಾರರ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದಿನಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರಲ್ಲಿ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಕೇಂದ್ರಗಳು ಆರಂಭವಾದವು. ಆಗ ಈ ಸೀಮೆ ಮುಂಬಯಿ ಪ್ರಾಂತದ ಆಡಳಿತದಲ್ಲಿತ್ತು.

ಇಲ್ಲಿ ಹಿರಿತನವನ್ನು ವಯಸ್ಸಿನಿಂದ ಅಳೆಯಬಾರದು. ಕಾಲರಾ, ಜ್ವರ, ಆಮಶಂಕೆ, ಹೆರಿಗೆಯ ತೊಂದರೆಗಳಿಂದ ಸಾವು ಅಷ್ಟು ಸಾಮಾನ್ಯವಾಗಿದ್ದ ಕಾಲದಲ್ಲಿ ಹತ್ತು ಹನ್ನೆರಡು ವರ್ಷ ಒಂದೇ ಸೀಮೆಯಲ್ಲಿ ಬಾಳಿ ಉಳಿದ, ಇನ್ನೂ ನಲವತ್ತು ದಾಟದ ಜೋಡಿಯೂ ಹಿರಿಯ ದಂಪತಿ ಎನಿಸಿಕೊಳ್ಳಬಹುದಿತ್ತು. ಕೇಂದ್ರದ ಮಿಷನರಿಗಳು ಕೂಡಿ ನಡೆಸುತ್ತಿದ್ದ ಸಭೆಯಲ್ಲಿ ಹಿರಿಯನದು ಮೊದಲ ಮಾತು. ವರದಿ, ಲೆಕ್ಕಪತ್ರ, ಹೊಸಬರ ಭಾಷಾಭ್ಯಾಸ, ಜಮೀನು-ಕಟ್ಟಡಗಳ ಹೊಣೆ ಎಲ್ಲವೂ ಅವನ ಮೇಲಿತ್ತು. ಹೆಂಡತಿಗೆ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. ಆದರೆ ಆಕೆಗೂ ಒಂದು ಹಿರಿತನವಿತ್ತು. ಹೊಸದಾಗಿ ಬಂದಿಳಿದ ಮದುಮಗಳಿಗೆ ಮನೆವಾರ್ತೆಯ ಕನ್ನಡ ಕಲಿಸುವುದು, ಯಾವ ನೀರನ್ನು ಕಾಯಿಸದೆ ಕುಡಿಯಬಾರದು ಎಂದು ಎಚ್ಚರಿಸುವುದು, ವೈದ್ಯರು ದೂರವಿದ್ದಾಗ ಅವಳ ಮೊದಲ ಹೆರಿಗೆಗೆ ಪಕ್ಕದಲ್ಲಿ ನಿಲ್ಲುವುದು, ಇವೆಲ್ಲ ಹಿರಿಯ ಅಮ್ಮನವರ ಪಾಲಿಗೆ ಬರುತ್ತಿದ್ದ ಕೆಲಸಗಳು. ಸಭೆಯ ನಡಾವಳಿಯಲ್ಲಿ ಬರೆದಿಡುವಂಥವಲ್ಲವಾದ್ದರಿಂದ ಅವು ಬರಹಕ್ಕೆ ಬಂದದ್ದು ಕಡಿಮೆ.

ಆ ಹೆಂಡತಿ ಇಲ್ಲಿಗೆ ಬಂದ ಬಗೆಯನ್ನು ತಿಳಿಯದೆ ಈ ದಾಂಪತ್ಯಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಮಿಷನರಿ ಸಾಮಾನ್ಯವಾಗಿ ಅವಿವಾಹಿತನಾಗಿಯೇ ಬರುತ್ತಿದ್ದ. 1837ರ ವಿವಾಹ ನಿಯಮದಂತೆ ಎರಡು ವರ್ಷವಾದರೂ ಇಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆಯೇ ಮದುವೆಗೆ ಅನುಮತಿ ಕೇಳಿ ಬಾಸೆಲಿನ ಆಡಳಿತ ಸಮಿತಿಗೆ ಬರೆಯಬಹುದಿತ್ತು. ಎಷ್ಟೋ ಸಲ ಹೆಣ್ಣು ಗೊತ್ತುಮಾಡುವವರೂ ಸಮಿತಿಯ ಕಡೆಯವರೇ. ಪಾದ್ರಿಗಳ, ಶಿಕ್ಷಕರ, ಕುಶಲಕರ್ಮಿಗಳ ಮನೆಗಳಲ್ಲಿ ಆರೋಗ್ಯವಂತಳೂ ಭಕ್ತಿಯುಳ್ಳವಳೂ ಆದ ಹುಡುಗಿಯನ್ನು ವಿಚಾರಿಸಿ, ಅವಳ ಮತ್ತು ತಂದೆತಾಯಿಯ ಒಪ್ಪಿಗೆ ಪಡೆದು, ಹಡಗು ಹತ್ತಿಸುತ್ತಿದ್ದರು. ಎರಡೋ ಮೂರೋ ಪತ್ರಗಳ ಪರಿಚಯದಿಂದಲೇ ಹೊರಟು, ಗಂಡನಾಗುವವನ ಮುಖವನ್ನು ಭಾರತದ ಬಂದರಿನಲ್ಲಿ ಮೊದಲ ಸಲ ಕಂಡ ಹೆಣ್ಣುಮಕ್ಕಳು ಹಲವರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕಾದ ತುದಿಯನ್ನು ಸುತ್ತಿ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಬರಬೇಕಿತ್ತು, ಇಲ್ಲವೇ ಈಜಿಪ್ಟಿನಲ್ಲಿ ಇಳಿದು, ನೆಲದ ಮೇಲೆ ಸುಯೆಜ್‌ವರೆಗೆ ಪಯಣಿಸಿ, ಮತ್ತೆ ಹಡಗು ಹಿಡಿಯಬೇಕಿತ್ತು. ಕರಾವಳಿಗೆ ಬಂದ ಮೇಲೂ ಘಟ್ಟದ ದಾರಿ ಉಳಿದಿರುತ್ತಿತ್ತು. ನಮ್ಮ ಸೀಮೆಗೆ ರೈಲು ಬಂದದ್ದು 1880ರ ದಶಕದಲ್ಲಿ. ಅಲ್ಲಿಯವರೆಗೆ ಧಾರವಾಡದ ಹತ್ತಿ ಕುಮಟಾ ಬಂದರಿಗೆ ಇಳಿಯುತ್ತಿದ್ದ ಘಟ್ಟದ ದಾರಿಗಳಲ್ಲಿಯೇ ಎತ್ತಿನ ಗಾಡಿ ಇಲ್ಲವೆ ಡೋಲಿಯಲ್ಲಿ ಈ ಹೆಣ್ಣುಮಕ್ಕಳೂ ಏರಿ ಬರಬೇಕಿತ್ತು.

ಇನ್ನು ಸಂಬಳದ ವಿಚಾರ. ಸಂಬಳ ಎನ್ನುವುದಕ್ಕಿಂತ ಅದನ್ನು ಜೀವನಭತ್ಯೆ ಎನ್ನುವುದು ಸರಿ. ಸಂಸಾರ ಸಾಗಿಸಲು ನಿಗದಿಯಾದಷ್ಟು ಹಣ ಬರುತ್ತಿತ್ತು. ಸ್ವಂತಕ್ಕೆ ವ್ಯಾಪಾರ ಮಾಡುವಂತಿರಲಿಲ್ಲ. ಬಂಗಲೆ ಮಿಷನ್ನಿನದು, ಆವರಣ ಮಿಷನ್ನಿನದು. ಆ ಹಣದ ಮೂಲವೂ ಗಮನಿಸತಕ್ಕದ್ದು. 1850ರ ದಶಕದ ನಡುವೆ ಬಾಸೆಲಿನಲ್ಲಿ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯವನ್ನು ವಾರಕ್ಕೊಮ್ಮೆ ಮನೆಮನೆಯಿಂದ ಎತ್ತುವ ಪದ್ಧತಿ ಆರಂಭವಾಯಿತು; ಬಡ ರೈತರೂ ಮನೆಗೆಲಸದ ಹೆಂಗಸರೂ ಅದರಲ್ಲಿ ಸೇರಿದ್ದರು. ಅಂಥವರ ಕಾಸಿಗೆ ಲೆಕ್ಕ ಒಪ್ಪಿಸಬೇಕೆಂಬ ಎಚ್ಚರ ಈ ದಂಪತಿಗಳಲ್ಲಿ ಬಲವಾಗಿತ್ತು ಎಂದು ನಾನು ತಿಳಿದಿದ್ದೇನೆ. ಕಲೆಕ್ಟರ್ ಸಾಹೇಬರ ವೈಭವದ ಮುಂದೆ ಪಾದ್ರಿ ಸಾಹೇಬರದು ಬಡ ಸಂಸಾರ. ಬೆಟಗೇರಿಯ ನೇಕಾರರ ಓಣಿಯಿಂದ ನೋಡಿದವರಿಗೆ ಅದೇ ಸಿರಿವಂತರ ಮನೆ. ಈ ಎರಡೂ ನೋಟಗಳನ್ನು ತಾವು ವಿದ್ಯಾರ್ಥಿಗಳ ಮುಂದೆ ಒಟ್ಟಿಗೇ ಇಡಬೇಕು.

ಆಳುಗಳ ಸಂಖ್ಯೆಗೆ ಮುಖ್ಯ ಕಾರಣ ಜಾತಿಯ ಕಟ್ಟು. ಅಡಿಗೆಯವನು ಕಸ ಗುಡಿಸನು, ನೀರು ಹೊರುವವನು ಕುದುರೆ ನೋಡನು, ಬಟ್ಟೆಗೆ ಅಗಸರು ಬೇರೆ, ಕೂಸು ಎತ್ತಿಕೊಳ್ಳುವ ಆಯಾ ಬೇರೆ. ಜರ್ಮನಿಯ ಹಳ್ಳಿಮನೆಯಲ್ಲಿ ತಾವೇ ಹಸು ಕರೆದು, ರೊಟ್ಟಿ ಬೇಯಿಸಿ, ಬಟ್ಟೆ ಒಗೆದು ಬೆಳೆದ ಹೆಣ್ಣುಮಕ್ಕಳಿಗೆ ಈ ಯಜಮಾನಿಕೆ ಹೊಸದು. ಕನ್ನಡ ಬಾರದೆ, ಐದಾರು ಜನರ ಕೆಲಸ ಮಾತಾಡಿಸಿ ನಡೆಸಬೇಕಾದಾಗ ಮೊದಲ ವರ್ಷ ಬಹಳ ಕಠಿಣವಾಗಿದ್ದಿರಬೇಕು. ಒಂದು ದೊಡ್ಡ ಪ್ರಯೋಜನವೂ ಇದರಿಂದ ಒದಗಿತು. ಗಂಡ ಪಂಡಿತರ ಎದುರು ಕುಳಿತು ಗ್ರಂಥದ ಕನ್ನಡ ಕಲಿತರೆ ಹೆಂಡತಿ ಆಯಾಳಿಂದ, ಹುಡುಗಿಯರಿಂದ, ಅಂಗಳಕ್ಕೆ ಬಂದ ಹೆಂಗಸರಿಂದ ಧಾರವಾಡದ ನಿತ್ಯದ ಮಾತನ್ನೇ ಕಲಿಯಬೇಕಾಗುತ್ತಿತ್ತು. 1894ರ ಕಿಟೆಲ್ ಕೋಶದಲ್ಲಿ ಈ ಸೀಮೆಯ ಬಳಕೆಯ ಮಾತುಗಳೂ ಗಾದೆಗಳೂ ಸಾಕಷ್ಟಿವೆ. ಅಂಥ ಮಾತು ಬಂಗಲೆಯೊಳಗೆ ಮೊದಲು ಪ್ರವೇಶಿಸುತ್ತಿದ್ದದ್ದು ಹಿತ್ತಲ ಬಾಗಿಲಿನಿಂದ ಎಂಬುದು ನನ್ನ ಊಹೆ.

ದಿನ ಬೆಳಗಾಗುವ ಹೊತ್ತಿಗೆ ಮನೆಮಂದಿ, ಆಳುಗಳು, ಆವರಣದಲ್ಲಿ ಓದುವ ಮಕ್ಕಳು ಕೂಡಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಬಿಸಿಲೇರುವ ಮುಂಚೆ ಗಂಡ ಶಾಲೆಗೋ ಪೇಟೆಗೋ ಹೊರಡುತ್ತಿದ್ದ. ಹೆಂಡತಿ ಉಗ್ರಾಣದ ಬಾಗಿಲು ತೆರೆದು ಆ ದಿನದ ಅಕ್ಕಿ, ಜೋಳ, ಬೇಳೆ, ಎಣ್ಣೆ ಅಳೆದು ಕೊಟ್ಟು, ಅಡಿಗೆಗೆ ಹೇಳಿ, ಹುಡುಗಿಯರ ತರಗತಿಗೆ ಹೋಗುತ್ತಿದ್ದಳು. ಓದು, ಬರಹ, ಲೆಕ್ಕ, ಹಾಡು, ಹೊಲಿಗೆ, ಹೆಣಿಗೆ ಅಲ್ಲಿಯ ಪಾಠಗಳು. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎನ್ನುತ್ತಿದ್ದ ಕಾಲದಲ್ಲಿ ಈ ಭಾಗದ ಎಷ್ಟೋ ಬಡ ಹುಡುಗಿಯರ ಕೈಗೆ ಮೊದಲ ಸಲ ಪುಸ್ತಕ ಬಂದದ್ದು ಇಂಥ ತರಗತಿಗಳಲ್ಲಿ. ನಡುವೆ ಪಡಸಾಲೆಯ ಕಡೆ ಜನ ಬಂದು ಕೂತಿರುತ್ತಿದ್ದರು: ಜ್ವರದವರು, ಕಣ್ಣು ಬಂದ ಕೂಸುಗಳು, ಹುಣ್ಣು ಮಾಯದವರು. ಬೆಟಗೇರಿಯಲ್ಲಿ ಮಿಷನ್ ಆಸ್ಪತ್ರೆ ಏಳುವುದಕ್ಕೆ ಎಷ್ಟೋ ಮುಂಚಿನಿಂದಲೂ ಮಿಷನ್ ಮನೆಯ ಔಷಧದ ಪೆಟ್ಟಿಗೆಯೇ ಬಡವರ ದವಾಖಾನೆಯಾಗಿತ್ತು. ಮಧ್ಯಾಹ್ನ ಪತ್ರ, ಲೆಕ್ಕ, ಹೊಲಿಗೆ. ಸಂಜೆ ಸಭೆಯವರ, ಅಂದರೆ ಚರ್ಚಿಗೆ ಸೇರಿದ ಕ್ರೈಸ್ತರ, ಮನೆಗಳಿಗೆ ಭೇಟಿ. ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಹೆಂಗಸರೊಡನೆ ಮಾತನಾಡುವುದು ಹೆಂಡತಿಯಿಂದ ಮಾತ್ರ ಸಾಧ್ಯವಿದ್ದ ಕೆಲಸ. ಈ ಒಂದು ಕಾರಣಕ್ಕಾದರೂ ಅವಳಿಲ್ಲದ ಮಿಷನ್ ಕೇಂದ್ರ ಅರ್ಧ ಕುರುಡಾಗಿರುತ್ತಿತ್ತು.

ಮಳೆಗಾಲ ಕಳೆದು ದಾರಿ ಒಣಗಿದ ಮೇಲೆ ಗಂಡ ಉಪದೇಶಿಗಳೊಡನೆ (ಮಿಷನ್ನಿನ ಸ್ಥಳೀಯ ಕ್ರೈಸ್ತ ಬೋಧಕರೊಡನೆ) ಹಳ್ಳಿಗಳ ಸುತ್ತಾಟಕ್ಕೆ ಹೊರಡುತ್ತಿದ್ದ. ಜಾತ್ರೆಗಳಲ್ಲಿ ನಿಂತು ಸಾರುವುದು, ಸಣ್ಣ ಪುಸ್ತಕ ಹಂಚುವುದು, ವಾದಕ್ಕೆ ಬಂದವರಿಗೆ ಉತ್ತರ ಕೊಡುವುದು ಈ ಪ್ರವಾಸಗಳ ಕೆಲಸ. ಸಾಹೇಬರು ವಾರಗಟ್ಟಲೆ ಹೊರಗಿದ್ದಾಗ ಕೇಂದ್ರ ಮುಚ್ಚಿರುತ್ತಿರಲಿಲ್ಲ. ಶಾಲೆಯ ಹಾಜರಿ, ಅನಾಥ ಮಕ್ಕಳ ಊಟ, ಕಟ್ಟಡದ ಕೂಲಿ, ಸಭೆಯವರ ಜಗಳ ಎಲ್ಲವನ್ನೂ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಬಾಸೆಲಿಗೆ ಹೋಗುವ ವರದಿ ಮಾತ್ರ ಗಂಡನ ಸಹಿಯಿಂದ ಹೋಗುತ್ತಿತ್ತು.

ಫೋಟೋದಲ್ಲಿ ಕಾಣದ ಮಕ್ಕಳ ಬಗ್ಗೆ ತಾವು ಕೇಳಿರುವುದು ಬಹಳ ಸೂಕ್ಷ್ಮವಾದ ಪ್ರಶ್ನೆ. ಮಕ್ಕಳು ಸುಮಾರು ಆರು ವರ್ಷಕ್ಕೆ ಬಂದೊಡನೆ ಯುರೋಪಿಗೆ ಕಳಿಸಬೇಕೆಂಬುದು 1850ರ ದಶಕದ ಹೊತ್ತಿಗೆ ಗಟ್ಟಿಯಾದ ನಿಯಮ; ಅವರಿಗಾಗಿಯೇ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯನ್ನು ತೆರೆದರು. ಬಿಸಿಲುನಾಡಿನ ಹವೆಯಿಂದ ಆರೋಗ್ಯ ಕೆಡುತ್ತದೆ, ಯುರೋಪಿನ ವಿದ್ಯೆ ತಪ್ಪುತ್ತದೆ, ಆಳುಗಳ ಮಧ್ಯೆ ಬೆಳೆದರೆ ಅನ್ಯಧರ್ಮದ ನಡೆನುಡಿ ಅಂಟುತ್ತದೆ ಎಂಬುವು ಅವರು ಕೊಟ್ಟ ಕಾರಣಗಳು. ಕೊನೆಯ ಕಾರಣದಲ್ಲಿ ನಮ್ಮ ಜನರ ಬಗೆಗಿದ್ದ ಅವಿಶ್ವಾಸ ಸ್ಪಷ್ಟವಾಗಿದೆ. ಆರು ವರ್ಷದ ಕೂಸನ್ನು ರಜೆಗೆ ಊರಿಗೆ ಹೊರಟ ಯಾವುದೋ ಬೇರೆ ದಂಪತಿಯ ಕೈಗೆ ಒಪ್ಪಿಸಿ ಹಡಗಿಗೆ ಕಳಿಸಿದ ತಾಯಿ, ಮತ್ತೆ ಅದನ್ನು ನೋಡುವುದು ಹತ್ತು ವರ್ಷದ ಮೇಲೆ. ಕೆಲವರ ಪಾಲಿಗೆ ಆ ಭೇಟಿಯೂ ಇರಲಿಲ್ಲ. ಒಂದು ಪ್ರಸಿದ್ಧ ಉದಾಹರಣೆ ಕರಾವಳಿಯದು. ಬಾಸೆಲ್ ಮಿಷನ್ನಿನವರೇ ಆದ ಹರ್ಮನ್ ಗುಂಡರ್ಟ್ ಮತ್ತು ಯೂಲಿ ಗುಂಡರ್ಟ್ ದಂಪತಿಯ ಮಗಳು ಮರೀ 1842ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲಿಯೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಹಿಂದಿರುಗಿದರು. ಅವಳು ಅವರನ್ನು ಸೇರಲು ಭಾರತಕ್ಕೆ ಬಂದದ್ದು 1857ರಲ್ಲಿ. ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಹರ್ಮನ್ ಹೆಸ್ಸೆ ಇದೇ ಮರೀಯ ಮಗ. ಧಾರವಾಡ-ಹುಬ್ಬಳ್ಳಿಯ ತಾಯಂದಿರ ಮಕ್ಕಳಲ್ಲಿ ಯಾರೂ ಅಷ್ಟು ಪ್ರಸಿದ್ಧರಾಗದ್ದರಿಂದ ಅವರ ಕಥೆಗಳು ಪತ್ರಗಳಲ್ಲಿಯೇ ಉಳಿದವು.

ಇದರ ಪಕ್ಕದಲ್ಲಿಯೇ ಇನ್ನೊಂದನ್ನು ಇಟ್ಟು ನೋಡಬೇಕು. ಸ್ವಂತ ಮಕ್ಕಳನ್ನು ಕಳಿಸಿಕೊಟ್ಟ ಅದೇ ತಾಯಿ ಆವರಣದಲ್ಲಿ ಊರಿನ ಅನಾಥ ಹುಡುಗಿಯರನ್ನು ಸಾಕುತ್ತಿದ್ದಳು. 1876ರಿಂದ 1878ರವರೆಗಿನ ಭೀಕರ ಬರ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ಬರ, ಧಾರವಾಡ ಜಿಲ್ಲೆಯನ್ನು ಹಿಂಡಿದಾಗ ಮಿಷನ್ ಆವರಣಗಳು ಹಸಿದ ಮಕ್ಕಳಿಂದ ತುಂಬಿದವು. 1898ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡಕ್ಕೆ ಪ್ಲೇಗು ಬಂತು. ಜನ ಊರು ಬಿಟ್ಟು ಗುಡಿಸಲುಗಳಲ್ಲಿ ನೆಲೆಸಿದರು. ಅಂಥ ಕಾಲದಲ್ಲಿ ರೋಗಿಗಳ ಬಳಿ ಹೋದವರ ಸೇವೆಯನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ.

ಆ ಗೌರವವೇ ಉಳಿದ ಸತ್ಯವನ್ನೂ ಹೇಳುವಂತೆ ಒತ್ತಾಯಿಸುತ್ತದೆ. ಕ್ರೈಸ್ತರಾದವರನ್ನು ಮನೆತನ ಮತ್ತು ಜಾತಿ ಹೊರಗಿಟ್ಟಾಗ ಮಿಷನ್ ಆವರಣವೇ ಅವರಿಗೆ ತವರಾಯಿತು. ಆದರೆ ಅಲ್ಲಿ ಗುರುವೂ, ಕೆಲಸ ಕೊಡುವವನೂ, ಮನೆಯ ಮಾಲೀಕನೂ ಒಬ್ಬನೇ ಆಗಿದ್ದ. ಹುಡುಗಿಯರ ಮದುವೆಯನ್ನು ಗೊತ್ತುಮಾಡುವುದರಲ್ಲಿ ಹಿರಿಯ ದಂಪತಿಯ ಮಾತೇ ನಡೆಯುತ್ತಿತ್ತು. ಸಭೆಯ ಶಿಸ್ತಿನ ಕಟ್ಟಳೆಗಳು ಕಠಿಣವಾಗಿದ್ದವು. ಈ ನಾಡಿನ ದೇವರು-ಆಚರಣೆಗಳ ಬಗ್ಗೆ ವರದಿಗಳಲ್ಲಿ ಬರುವ ಮಾತುಗಳನ್ನು ಇಂದು ಓದಿದರೆ ನೋವಾಗುತ್ತದೆ. ಬಾಸೆಲಿನ ಸಮಿತಿ ಮಿಷನರಿಯ ಮದುವೆಯನ್ನು ನಿರ್ಧರಿಸಿದಂತೆಯೇ ಮಿಷನರಿ ದಂಪತಿ ಆವರಣದ ಹುಡುಗಿಯ ಮದುವೆಯನ್ನು ನಿರ್ಧರಿಸಿದರು. ತಾವು ಒಪ್ಪಿಕೊಂಡ ವಿಧೇಯತೆಯನ್ನೇ ಅವರು ಇತರರಿಂದಲೂ ಬಯಸಿದರು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಆ ಆವರಣದಲ್ಲಿ ಇನ್ನೊಂದು ದಂಪತಿಯೂ ಇತ್ತು: ಉಪದೇಶಿ ಮತ್ತು ಅವನ ಹೆಂಡತಿ. ಮಿಷನರಿಗಳು ರಜೆಗೆ ಹೋಗುತ್ತಿದ್ದರು, ವರ್ಗವಾಗುತ್ತಿದ್ದರು, ಸಾಯುತ್ತಿದ್ದರು. ಉಪದೇಶಿಯ ಸಂಸಾರ ಅಲ್ಲಿಯೇ ಇರುತ್ತಿತ್ತು. ಹಳ್ಳಿಯ ದಾರಿ, ಯಾರ ಮನೆಯಲ್ಲಿ ಮಾತಾಡಬಹುದು, ಯಾರಲ್ಲಿ ಆಡಬಾರದು ಎಂಬ ತಿಳಿವಳಿಕೆಯೆಲ್ಲ ಅವರದು. ಆ ಪರಂಪರೆಯಿಂದ ಬಂದವರಲ್ಲಿ ನಾಡು ತಲೆಬಾಗುವಂಥವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ದುಡಿಯುತ್ತಲೇ ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿಯಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ವಿದೇಶೀ ದಂಪತಿಗಳಲ್ಲಿ ಹಲವರಿಗೆ ಕಾಣದೆ ಹೋದ ಈ ನೆಲದ ಅನುಭಾವ ಅವರಿಗೆ ಕಂಡಿತ್ತು.

ಈ ಬಂಗಲೆಗಳ ಹಳೆಯ ಬದುಕು ಮುರಿದದ್ದು 1914ರ ಮಹಾಯುದ್ಧದಿಂದ. ಜರ್ಮನ್ ಪ್ರಜೆಗಳಾದ ಮಿಷನರಿಗಳು ಬ್ರಿಟಿಷರಿಗೆ ಶತ್ರುಗಳೆನಿಸಿದರು. ಗಂಡಸರನ್ನು ಅಹ್ಮದನಗರದ ಶಿಬಿರಕ್ಕೆ ಒಯ್ದರು. ಮುಂದೆ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಅನೇಕ ಕುಟುಂಬಗಳನ್ನು ಯುರೋಪಿಗೆ ಹಿಂದೆ ಕಳಿಸಿದರು. ಇಲ್ಲಿಯೇ ಮುಪ್ಪಾಗಿ ಇಲ್ಲಿಯೇ ಮಣ್ಣಾಗಬೇಕೆಂದಿದ್ದವರೂ ಅವರಲ್ಲಿ ಇದ್ದಿರಬಹುದು. ಶಾಲೆ, ಸಭೆ, ಆಸ್ಪತ್ರೆಗಳು ನಡೆದದ್ದು ಮುಖ್ಯವಾಗಿ ಇಲ್ಲಿಯವರ ಹೆಗಲ ಮೇಲೆ.

ತಮ್ಮ ವಿದ್ಯಾರ್ಥಿಗಳಿಂದ ಈ ವಿಷಯದಲ್ಲಿ ಕೆಲಸ ಮಾಡಿಸುವ ಇಚ್ಛೆ ಇದ್ದರೆ ಮೂರು ಕಡೆ ನೋಡಬಹುದು. ಬಾಸೆಲ್ ಮಿಷನ್ನಿನ ಉತ್ತರಾಧಿಕಾರಿ ಸಂಸ್ಥೆಯಾದ ‘ಮಿಷನ್ 21’ ತನ್ನ ಹಳೆಯ ಫೋಟೋಗಳ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ; ಊರಿನ ಹೆಸರುಗಳು ಹಳೆಯ ಕಾಗುಣಿತದಲ್ಲಿರುತ್ತವೆಯಾದ್ದರಿಂದ ಬೇರೆ ಬೇರೆ ರೀತಿಯಲ್ಲಿ ಬರೆದು ಹುಡುಕಬೇಕು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಕನ್ನಡದ ಹಳೆಯ ಮುದ್ರಿತ ಪುಸ್ತಕಗಳೂ ದಾಖಲೆಗಳೂ ಇವೆ. ಮೂರನೆಯದು ತಮ್ಮ ಊರಿನ ಸಭೆಯಲ್ಲಿಯೇ ಸಿಗಬಹುದಾದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವಹಿಗಳು. ಸಭಾಪಾಲಕರ ಅನುಮತಿ ಪಡೆದು ನೋಡಿರಿ. ಮಿಷನರಿಯ ಹೆಂಡತಿ ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟನ್ನು ಕಳೆದುಕೊಂಡಳು, ಯಾವ ಉಪದೇಶಿಯ ಮಗಳ ಮದುವೆಗೆ ಸಾಕ್ಷಿಯಾಗಿ ನಿಂತಳು ಎಂಬುದು ವಾರ್ಷಿಕ ವರದಿಗಿಂತ ಆ ವಹಿಗಳಲ್ಲಿ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಓದುವಾಗ ಗಂಡನ ಹೆಸರಿನ ಪಕ್ಕದಲ್ಲಿ ಹೆಂಡತಿಯ ತವರಿನ ಹೆಸರನ್ನೂ, ಆ ಕಾಲದ ಉಪದೇಶಿ ಮತ್ತು ಅವನ ಹೆಂಡತಿಯ ಹೆಸರನ್ನೂ ವಿದ್ಯಾರ್ಥಿಗಳು ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳಲಿ. ಬೆಟಗೇರಿ ಕೇಂದ್ರಕ್ಕೆ ಅಂಥ ಪಟ್ಟಿಯೊಂದು ಸಿದ್ಧವಾದರೆ ನನಗೂ ಒಂದು ಪ್ರತಿ ಕಳಿಸಿಕೊಡಬೇಕೆಂದು ಕೋರುತ್ತೇನೆ.